ತಕ್ಕಡಿಯನ್ನು ತೂಗುವವರು ಯಾರು?

ನಮ್ಮೂರ ವಾಚನಾಲಯದ ಹುಡುಗರು "ಕಾಕಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಬರೆದು ಕೊಡ್ರಿ" ಅಂದಾಗ ನಾನು ಮೊದಲು ಒಲ್ಲೆ ಅಂದೆ. ಹಾಡು ಅಂದರ ಬೆಳತನಕ ಹಾಡೇನು. ಬರೆಯೂದು ಮಾಸ್ತರರ ಕೆಲಸ. ನಾನು ಜತ್ತ ತಾಲೂಕಿನ ಕನ್ನಡ ಸಾಲಿಯೊಳಗ ಏಳನೇ ಇಯತ್ತೆ ತನಕ ಕಲಿತವ. ಆಮೇಲೆ ನನ್ನ ಕೈಗೆ ಬಂದದ್ದು ಕೂರಿಗಿ ಮತ್ತು ಏಕತಾರಿ. ಆದರೂ ಹುಡುಗರು ಬಿಡಲಿಲ್ಲ. "ನಿಮ್ಮ ಮನಸಿನ್ಯಾಗ ಬಹಳ ದಿವಸದಿಂದ ಕೊರೆಯುವ ಮಾತು ಏನರ ಇದ್ದರ ಅದನ್ನೇ ಬರೀರಿ" ಅಂದರು. ಅಂಥ ಮಾತು ಒಂದು ಐತಿ. ಅದನ್ನೇ ಬರೆದೇನಿ.

ನನ್ನ ಪ್ರಶ್ನೆ ಇಷ್ಟು. ರೋಗ ಐತೋ ಇಲ್ಲೋ ಅಂತ ಹೇಳುವ ಸಣ್ಣ ಪಟ್ಟಿ ಬಂದಾವಲ್ಲ, ಕಿಟ್ ಅಂತಾರ, ಅದಕ್ಕ ಸರಕಾರ ಮಂಜೂರಿ ಕೊಡತದ. ಆ ಮಂಜೂರಿಯ ಅರ್ಥ ಏನು? ಮಂಜೂರಿ ಸಿಕ್ಕ ಮೇಲೆ ಆ ಕಿಟ್ ಹೇಳಿದ್ದೆಲ್ಲ ಖರೇ ಏನು? ಅದರ ಮಾತು ತಪ್ಪಿದರ ಆ ತಪ್ಪು ಯಾರ ಕೊರಳಿಗೆ ಬೀಳಬೇಕು?

ಇದು ಡಾಕ್ಟರ ಮಂದಿಯ ವಿಷಯ, ನಿನಗ್ಯಾಕ ಅಂತ ಓದುವವರು ಕೇಳಬಹುದು. ಯಾಕಂತ ಹೇಳತೇನಿ.

2021ರ ಎಪ್ರಿಲ್ ತಿಂಗಳು. ಕೊರೋನಾದ ಎರಡನೇ ಅಲೆ. ನಮ್ಮೂರಾಗ ಒಬ್ಬ ಹಿರಿಯರು ತೀರಿಕೊಂಡರು. ಅವರಿಗೆ ಆದದ್ದು ಕೊರೋನಾ ಅಲ್ಲ, ವಯಸ್ಸಾಗಿತ್ತು. ನಮ್ಮ ಕಡೆ ಹೆಣದ ಮುಂದ ರಾತ್ರಿಯೆಲ್ಲ ಭಜನಿ ಮಾಡುವ ಪದ್ಧತಿ ನಿಮಗೆಲ್ಲ ಗೊತ್ತೇ ಐತಿ. ಮಂದಿ ಕೂಡಬಾರದು ಅಂತ ಸರಕಾರದ ಆರ್ಡರ ಇತ್ತು. ಆದರ ಆ ಹಿರಿಯರು ನಮ್ಮ ಭಜನಿ ಮೇಳಕ್ಕ ಹಾರ್ಮೋನಿಯಂ ಕೊಡಿಸಿದವರು. ಅವರ ಹೆಣದ ಮುಂದ ಹಾಡದಿದ್ದರ ಹೆಂಗ? ಮೇಳದ ನಾಕು ಮಂದಿ, ಮನಿಯವರು, ಇಷ್ಟೇ ಕೂಡೋಣ ಅಂತ ಠರಾವು ಮಾಡಿದಿವಿ.

ದಮ್ಮಡಿ ಬಾರಿಸುವ ನನ್ನ ಗೆಳೆಯನಿಗೆ ಎರಡು ದಿನದಿಂದ ಜ್ವರ ಇತ್ತು, ಗಂಟಲು ಕಟ್ಟಿತ್ತು. ಮುಂಜಾನೆ ನಾನೇ ಅವನನ್ನು ಗಾಡಿ ಮ್ಯಾಲೆ ಕೂಡಿಸಿಕೊಂಡು ಸರಕಾರಿ ದವಾಖಾನಿಗೆ ಹೋದೆ. ಮೂಗಿನ್ಯಾಗ ಕಡ್ಡಿ ಹಾಕಿ ಪಟ್ಟಿ ಮ್ಯಾಲೆ ಹನಿ ಬಿಟ್ಟರು. ಅರ್ಧ ತಾಸು ಬೇವಿನ ಗಿಡದ ನೆರಳಿಗೆ ಕುಂತಿವಿ. ಆಮೇಲೆ ನರ್ಸಬಾಯಿ ಹೊರಗ ಬಂದು ಮರಾಠಿಯೊಳಗ ಎರಡು ಮಾತು ಹೇಳಿದಳು. ಮೊದಲನೆಯದು, ಇದರಲ್ಲಿ ನೆಗೆಟಿವ್ ಬಂದದ. ಎರಡನೆಯದು, ಆದರ ಜ್ವರ ಇದೆ, ಅದಕ್ಕೇ ಇದನ್ನು ನಂಬಿ ಕೂಡಬ್ಯಾಡ್ರಿ, ದೊಡ್ಡ ಟೆಸ್ಟಿಗೆ ಮಾದರಿ ಕೊಡ್ರಿ, ಅದರ ಉತ್ತರ ಬರುವ ತನಕ ಮನಿಯಾಗ ಬ್ಯಾರೆ ಇರ್ರಿ.

ನನ್ನ ಗೆಳೆಯನಿಗೆ ಮರಾಠಿ ಅಷ್ಟಕ್ಕಷ್ಟೆ. ಸಂತಿಯೊಳಗ ವ್ಯವಹಾರ ಮಾಡುವಷ್ಟು ಬರತದ, ದವಾಖಾನಿ ಮಾತು ತಿಳಿಯೂದಿಲ್ಲ. ಅವ ನನ್ನ ಮುಖಾ ನೋಡಿ "ಏನಂದಳಣ್ಣಾ?" ಅಂತ ಕೇಳಿದ. ನಾನು "ನಿನಗೇನಿಲ್ಲಂತ. ನಡಿ" ಅಂದೆ.

ಎರಡನೇ ಮಾತು ನಾನು ಹೇಳಲಿಲ್ಲ. ಮರೆತೂ ಅಲ್ಲ, ತಿಳಿಯಲಾರದ್ದಕ್ಕೂ ಅಲ್ಲ. ರಾತ್ರಿ ದಮ್ಮಡಿ ಬಾರಿಸಲು ಅವ ಬೇಕಾಗಿದ್ದ. ಅವನಿಲ್ಲದ ಭಜನಿ ಕುಂಟತದ. ಇಲ್ಲ ಅನ್ನೂದು ನನಗ ಬೇಕಾದ ಮಾತಾಗಿತ್ತು, ಅಷ್ಟನ್ನೇ ತಗೊಂಡೆ. ಉಳಿದದ್ದನ್ನು ದವಾಖಾನಿ ಅಂಗಳದಾಗೇ ಬಿಟ್ಟು ಬಂದೆ.

ರಾತ್ರಿ ಭಜನಿ ಆಯಿತು. ತೀರಿಕೊಂಡವರ ತಮ್ಮ, ಅವರಿಗೂ 70 ದಾಟಿತ್ತು, ನನ್ನ ಗೆಳೆಯನ ಮಗ್ಗಲಿಗೇ ಕುಂತು ತಾಳ ಹಾಕಿದರು. ಐದಾರು ದಿನಕ್ಕ ಅವರಿಗೆ ಜ್ವರ ಬಂತು, ಉಸಿರು ಸಿಗಲಿಲ್ಲ, ಹಾಸಿಗಿ ಹುಡುಕುವುದರೊಳಗ ಎರಡು ದಿನ ಹೋದವು. ಅವರು ಮನಿಗೆ ತಿರುಗಿ ಬರಲಿಲ್ಲ. ನನ್ನ ಗೆಳೆಯನಿಗೂ ಆಮೇಲೆ ದೊಡ್ಡ ಟೆಸ್ಟಿನ್ಯಾಗ ರೋಗ ಐತಿ ಅಂತ ಬಂತು. ಅವ ಉಳಿದ.

ಆ ಹಿರಿಯರಿಗೆ ನನ್ನ ಗೆಳೆಯನಿಂದಲೇ ರೋಗ ಬಂತು ಅಂತ ಯಾರೂ ಹೇಳಲಾರರು. ಆ ತಿಂಗಳು ಗಾಳಿ ಪೂರಾ ಕೆಟ್ಟಿತ್ತು. ಆದರ ಊರು ಮಾತ್ರ ತೀರ್ಪು ಕೊಟ್ಟು ಬಿಟ್ಟಿತು: "ಕಿಟ್ ಸುಳ್ಳು ಹೇಳಿತು. ಸರಕಾರ ಸುಳ್ಳು ಕಿಟ್ಟಿಗೆ ಮಂಜೂರಿ ಕೊಟ್ಟು ಮಂದೀನ ಕೊಂದಿತು." ಕಟ್ಟಿ ಮ್ಯಾಲೆ ಎಲ್ಲರೂ ಹಿಂಗ ಅಂದಾಗ ನಾನೂ ಹೌದಂದೆ. ಹೌದನ್ನೂದು ನನಗ ಹಗುರಾಗಿತ್ತು.

ಒಂದು ವರ್ಷದ ಮೇಲೆ ನಮ್ಮ ಸಾಲಿಯ ಒಬ್ಬ ಮಾಸ್ತರರ ಕಡೆ ಹೋಗಿ ಕೇಳಿದೆ, "ಗುರುಗಳೇ, ಆ ಕಿಟ್ಟಿಗೆ ಸರಕಾರ ಹೆಂಗ ಮಂಜೂರಿ ಕೊಟ್ಟಿತು? ಆ ಕಾಗದದಾಗ ಏನು ಬರೆದಿತ್ತು?" ಅವರು ವಾಚನಾಲಯದ ಕಂಪ್ಯೂಟರಿನ್ಯಾಗ ಹುಡುಕಿ, ಇಂಗ್ಲಿಷಿನ್ಯಾಗ ಇದ್ದದ್ದನ್ನು ಕನ್ನಡದಾಗ ಓದಿ ಹೇಳಿದರು. ಹಿಂಗ ಎಷ್ಟೋ ಸಂಜಿ ಕುಂತಿವಿ. ಅವರು ಹೇಳಿದ್ದನ್ನು ನಾನು ನನ್ನ ತಿಳುವಳಿಕೆಗೆ ಬಂದಂಗ ಬರೆಯತೇನಿ.

ಮೊದಲು ಒಂದು ತಕ್ಕಡಿ ಮಾತು. ನನ್ನ ಅಪ್ಪ ಜ್ವಾಳದ ಚೀಲ ತಗೊಂಡು ಪ್ಯಾಟಿಗೆ ಹೋದರ ಅಡತಿ ಅಂಗಡಿಯ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ತಳಾ ನೋಡತಿದ್ದ. ತಳದಾಗ ಒಂದು ತೂತು, ತೂತಿನ್ಯಾಗ ಸೀಸ, ಸೀಸದ ಮ್ಯಾಲೆ ಸರಕಾರದ ಮುದ್ರಿ. ಅಪ್ಪನಿಗೆ ಓದಲು ಬರತಿರಲಿಲ್ಲ, ಆದರ ಹೆಬ್ಬೆಟ್ಟಿನಿಂದ ಆ ಮುದ್ರಿ ಸವರಿ ನೋಡಿದ ಮೇಲೇ ಚೀಲ ಇಳಿಸುವವ. ಈಗ ಎಲ್ಲಾ ಕಡೆ ಕರೆಂಟಿನ ಕಾಟಾ ಬಂದಾವ. ಅವಕ್ಕೂ ವರ್ಷಕ್ಕೊಮ್ಮೆ ತಪಾಸಣಿ ಮಾಡಿಸಬೇಕು, ಕಬ್ಬಿಣದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ. ನಮ್ಮ ಮಾಲು ತೂಗುವ ತಕ್ಕಡಿಯನ್ನು ತೂಗಲಿಕ್ಕೆ ಇನ್ನೊಬ್ಬರು ಇರತಾರ. ಅವರು ಇಲ್ಲದಿದ್ದರ ಸಂತಿ ಅನ್ನೂದು ಕಳ್ಳರ ಕೂಟ ಆಗತದ.

ಆದರ ಕಾಟಾದ ಮ್ಯಾಲೆ ಇನ್ನೂ ಒಂದು ಬರೆದಿರತದ. ಹೆಚ್ಚಿನದೆಂದರ ಎಷ್ಟು, ಕಡಿಮಿ ಅಂದರ ಎಷ್ಟು ತೂಗಬಹುದು ಅನ್ನೂದು. ಕಬ್ಬಿನ ಲಾರಿ ತೂಗುವ ಕಾಟಾಕ್ಕೂ ಮುದ್ರಿ ಇರತದ, ಅಕ್ಕಸಾಲಿಗರ ಕಾಟಾಕ್ಕೂ ಮುದ್ರಿ ಇರತದ. ಎರಡೂ ಖರೇ. ಆದರ ಲಾರಿ ಕಾಟಾದ ಮ್ಯಾಲೆ ಒಂದು ತೊಲಿ ಬಂಗಾರ ಇಟ್ಟರ ಅದು ಸೊನ್ನೆ ತೋರಿಸತದ. ಬಂಗಾರ ಇಲ್ಲ ಅಂತ ಅದರ ಅರ್ಥ ಏನು? ಅಲ್ಲ. ಅಷ್ಟು ಸಣ್ಣದು ನನಗ ಕಾಣೂದಿಲ್ಲ ಅಂತ ಅದರ ಅರ್ಥ. ಕಾಟಾ ಸುಳ್ಳು ಹೇಳಲಿಲ್ಲ. ಅದರ ಮ್ಯಾಲೆ ಬಂಗಾರ ಇಟ್ಟವ ತಪ್ಪಿದ.

ರೋಗದ ಕಿಟ್ಟೂ ಒಂದು ಕಾಟಾನೇ. ಮಾಸ್ತರರು ಹೇಳಿದಂಗ ಕೊರೋನಾ ನೋಡುವ ಪರೀಕ್ಷೆ ಮೂರು ನಮೂನಿ. ಒಂದು ಆರ್‌ಟಿಪಿಸಿಆರ್. ವೈರಾಣುವಿನ ಚೂರು ಎಷ್ಟು ಸ್ವಲ್ಪ ಇದ್ದರೂ ಯಂತ್ರದಾಗ ಅದನ್ನು ಲಕ್ಷ ಕೋಟಿ ಪಟ್ಟು ಹೆಚ್ಚಿಸಿ ನೋಡತಾರ. ಇದು ಅಕ್ಕಸಾಲಿಗರ ಕಾಟಾ. ಆದರ ಇದಕ್ಕ ಲ್ಯಾಬ್ ಬೇಕು, ಕಲಿತವರು ಬೇಕು. ನಮ್ಮಂಥ ಮೂಲಿ ಊರಿನ ಮಾದರಿ ದೂರದ ಲ್ಯಾಬಿಗೆ ಹೋಗಿ ಉತ್ತರ ಬರೂದರಾಗ ಎರಡು ಮೂರು ದಿನ ಹಿಡಿಯತಿತ್ತು. ಎರಡನೆಯದು ಆಂಟಿಜನ್ ಪಟ್ಟಿ. ವೈರಾಣುವಿನ ಪ್ರೋಟೀನು ಮೂಗಿನ್ಯಾಗ ಸಾಕಷ್ಟು ಇದ್ದರ ಮಾತ್ರ ಗೆರಿ ಮೂಡತದ. ಅರ್ಧ ತಾಸಿನ ಕೆಲಸ, ಲ್ಯಾಬ್ ಬೇಕಿಲ್ಲ. ಇದು ಲಾರಿ ಕಾಟಾ. ಮೂರನೆಯದು ಆಂಟಿಬಾಡಿ ಪಟ್ಟಿ. ಇದು ವೈರಾಣುವನ್ನು ನೋಡೂದೇ ಇಲ್ಲ. ವೈರಾಣು ಬಂದ ಮೇಲೆ ನಮ್ಮ ರಕ್ತ ತಯಾರು ಮಾಡಿದ ಕಾವಲುಗಾರರನ್ನು ಹುಡುಕತದ. ಕಾವಲುಗಾರರು ತಯಾರಾಗಲು ದಿನಗಳು ಬೇಕು. ಕಳ್ಳ ಬಂದು ಹೋದ ಮೇಲೆ ಠಾಣೆಯೊಳಗಿನ ತಕರಾರು ಅರ್ಜಿ ನೋಡಿದಂಗ ಇದು.

ಹಂಗಾದರ ಕಿಟ್ಟನ್ನು ತೂಗುವವರು ಯಾರು? ನಮ್ಮ ದೇಶದಾಗ ಮಾರಾಟಕ್ಕ ಪರವಾನಗಿ ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಇಲಾಖೆ. 2018ರ ಜನವರಿ 1ರಿಂದ ಇದಕ್ಕಾಗಿ ಬೇರೆ ನಿಯಮಗಳೇ ಜಾರಿಗೆ ಬಂದಾವ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ನಾಕು ವರ್ಗ ಮಾಡ್ಯಾರ. ಎಚ್‌ಐವಿ ಕಿಟ್ ಡಿ ವರ್ಗದಾಗ, ಅಂದರ ಎಲ್ಲಕ್ಕಿಂತ ಬಿಗಿಯಾದ ಬಾಗಿಲು. ಕೊರೋನಾ ಕಾಲದಾಗ ಕಿಟ್ ಹಿಡಿದು ನೋಡುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರ ಐಸಿಎಂಆರ್, ಮತ್ತು ಪುಣೆಯಲ್ಲಿರುವ ಅದರ ವೈರಾಣು ಸಂಸ್ಥೆ ಮಾಡಿದವು. ಈ ಪುಣೆ ಸಂಸ್ಥೆ 1952ರಲ್ಲಿ ಶುರು ಆದದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದವರೂ ಇವರೇ. 2020ರ ಜನವರಿ ಕೊನೆಗೆ ದೇಶದ ಮೊದಲನೇ ಕೊರೋನಾ ರೋಗಿ, ಕೇರಳದ ತ್ರಿಶೂರಿನವರು, ಅವರ ಮಾದರಿಯೂ ಖಾತ್ರಿ ಆದದ್ದು ಇಲ್ಲೇ.

ತೂಗುವ ರೀತಿ ಸರಳ ಐತಿ. ರೋಗ ಐತಿ ಅಂತ ಮೊದಲೇ ಖಾತ್ರಿ ಆದ ಮಾದರಿ ಒಂದಿಷ್ಟು, ಇಲ್ಲ ಅಂತ ಖಾತ್ರಿ ಆದ ಮಾದರಿ ಒಂದಿಷ್ಟು ಇಟ್ಟುಕೊಂಡು ಹೊಸ ಕಿಟ್ಟಿನಿಂದ ನೋಡತಾರ. ರೋಗ ಇದ್ದ 100ರಾಗ ಎಷ್ಟನ್ನು ಹಿಡಿಯಿತು? ಇಲ್ಲದ 100ರಾಗ ಎಷ್ಟನ್ನು ಸರಿಯಾಗಿ ಬಿಟ್ಟಿತು? ಈ ಎರಡು ಲೆಕ್ಕ. ಮತ್ತೊಂದು, ಒಂದೇ ಮಾದರಿಯನ್ನು ಎಷ್ಟು ಸಲ ನೋಡಿದರೂ ಒಂದೇ ಉತ್ತರ ಬರಬೇಕು.

ಪುಣೆಯ ಮೈಲ್ಯಾಬ್ ಕಂಪನಿಯ ಆರ್‌ಟಿಪಿಸಿಆರ್ ಕಿಟ್ಟಿಗೆ 2020ರ ಮಾರ್ಚ್ 23ಕ್ಕ ಪರವಾನಗಿ ಸಿಕ್ಕಿತು. ಆ ಕಿಟ್ ತಯಾರು ಮಾಡಿದ ತಂಡದ ಮುಖ್ಯಸ್ಥೆ ಮಿನಲ್ ದಾಖವೆ ಭೋಸಲೆ ಅನ್ನುವ ಹೆಣ್ಣುಮಗಳು. ಆಗ ಅವರು ತುಂಬಿದ ಬಸುರಿ. ಮಾರ್ಚ್ 18ಕ್ಕ ಕಿಟ್ ತಪಾಸಣಿಗೆ ಕೊಟ್ಟರು, ಮರುದಿನ ಹಡೆದರು. ಮೂರು ನಾಕು ತಿಂಗಳು ಹಿಡಿಯುವ ಕೆಲಸವನ್ನು ಆರು ವಾರದಾಗ ಮುಗಿಸಿದ್ದರು. ಇದನ್ನು ಕೇಳಿದಾಗ ನನ್ನ ಕಣ್ಣಾಗ ನೀರು ಬಂದವು. ನಾನು ಮೆಚ್ಚಿದ್ದು ಆ ಅವಸರವನ್ನಷ್ಟೇ ಅಲ್ಲ. ಒಂದೇ ಮಾದರಿ 10 ಸಲ ನೋಡಿದರ 10 ಸಲವೂ ಒಂದೇ ಉತ್ತರ ಬರಬೇಕು ಅಂತ ಅಷ್ಟು ಅವಸರದಾಗೂ ಅವರು ಹಟ ಹಿಡಿದರಂತ. ಏಕತಾರಿ ಶ್ರುತಿ ಮಾಡುವವನಿಗೆ ಈ ಮಾತು ತಿಳಿಯತದ. ಒಮ್ಮೆ ಕೂಡಿ ಒಮ್ಮೆ ತಪ್ಪುವ ತಂತಿ ಹಾಡುವವನನ್ನು ದಾರಿ ತಪ್ಪಿಸತದ.

ಈಗ ನನ್ನ ಗೆಳೆಯನಿಗೆ ಹಾಕಿದಂಥ ಆಂಟಿಜನ್ ಪಟ್ಟಿಯ ಮಾತು. ದೇಶದಾಗ ಇಂಥ ಮೊದಲನೇ ಕಿಟ್ ಬಳಸಲಿಕ್ಕೆ ಐಸಿಎಂಆರ್ 2020ರ ಜೂನ್ 14ಕ್ಕ ಒಪ್ಪಿಗೆ ಕೊಟ್ಟಿತು. ಮಾಸ್ತರರು ಆ ಕಾಗದ ಓದಿ ಹೇಳಿದಾಗ ನಾನು ಮತ್ತೊಮ್ಮೆ ಓದ್ರಿ ಅಂದೆ. ಅದರಾಗ ಬರೆದದ್ದು ಹಿಂಗ ಐತಿ. ರೋಗ ಇಲ್ಲದವರನ್ನು ಸರಿಯಾಗಿ ಬಿಡುವ ಗುಣ ನೂರಕ್ಕ 99.3ರಿಂದ 100. ಅಂದರ ಇದು ಐತಿ ಅಂದರ ಐತಿ, ಮತ್ತೆ ನೋಡೂದು ಬ್ಯಾಡ. ರೋಗ ಇದ್ದವರನ್ನು ಹಿಡಿಯುವ ಗುಣ ನೂರಕ್ಕ 50.6ರಿಂದ 84. ಅಂದರ ರೋಗ ಇದ್ದ 100 ಮಂದಿಯೊಳಗ 16 ಮಂದಿಯಿಂದ ಹಿಡಿದು 49 ಮಂದಿ ತನಕ ತಪ್ಪಿಸಿಕೊಳ್ಳಬಹುದು. ಅದಕ್ಕೇ ರೋಗದ ಸಂಶಯ ಇದ್ದು ಇದರಾಗ ನೆಗೆಟಿವ್ ಬಂದರ ತಪ್ಪದೆ ಆರ್‌ಟಿಪಿಸಿಆರ್ ಮಾಡಿಸಬೇಕು ಅಂತ ಅದೇ ಕಾಗದದಾಗ ಐತಿ.

ನರ್ಸಬಾಯಿ ಬೇವಿನ ಗಿಡದ ಕೆಳಗ ಹೇಳಿದ ಎರಡನೇ ಮಾತು ಅಂದರ ಇದೇ. ಅದು ಅವಳ ಸ್ವಂತ ಮಾತಾಗಿರಲಿಲ್ಲ. ಅದು ಮಂಜೂರಿಯ ಅರ್ಧ ಭಾಗ. ದಿಲ್ಲಿಯಿಂದ ನಮ್ಮೂರ ದವಾಖಾನಿ ಅಂಗಳದ ತನಕ ಆ ಅರ್ಧ ಸರಿಯಾಗಿ ಬಂದು ಮುಟ್ಟಿತ್ತು. ಕಡೆಯ ಎರಡು ಮೊಳ, ನನ್ನ ಕಿವಿಯಿಂದ ನನ್ನ ಗೆಳೆಯನ ಕಿವಿಗೆ, ಅಲ್ಲಿ ಅದು ನಿಂತಿತು.

ಇಲ್ಲಿ ಒಂದು ನ್ಯಾಯದ ಪ್ರಶ್ನೆ ಬರತದ. ಇಷ್ಟು ಮಂದಿಯನ್ನು ತಪ್ಪಿಸುವ ಕಾಟಾಕ್ಕ ಮುದ್ರಿ ಒತ್ತೂದೇ ತಪ್ಪಲ್ಲೇನು? ಮಾಸ್ತರರ ಜೋಡಿ ನಾನು ಇದರ ಮ್ಯಾಲೆ ಬಹಳ ವಾದ ಮಾಡಿದೆ. ಪೂರಾ ಖರೇ ಹೇಳುವ ಕಿಟ್ಟಿಗಷ್ಟೇ ಮಂಜೂರಿ ಕೊಡಲಿ, ಉಳಿದದ್ದನ್ನು ಬಾಗಿಲದಾಗೇ ತಡೀಲಿ ಅಂತ ನಾನು. ಅವರು ಅಮೇರಿಕಾದ ಉದಾಹರಣಿ ಕೊಟ್ಟರು. 2020ರ ಫೆಬ್ರುವರಿಯಲ್ಲಿ ಅಲ್ಲಿಯ ಸರಕಾರಿ ರೋಗ ನಿಯಂತ್ರಣ ಕೇಂದ್ರ ತಾನೇ ಮಾಡಿ ಕಳಿಸಿದ ಕಿಟ್ಟಿನ್ಯಾಗ ಒಂದು ದ್ರಾವಣ ಸರಿ ಇರಲಿಲ್ಲ. ಬೇರೆ ಲ್ಯಾಬಿನವರು ತಮ್ಮ ಪರೀಕ್ಷೆ ಬಳಸಬೇಕಂದರ ನಿಯಮ ಬಿಗಿ ಇತ್ತು, ಒಪ್ಪಿಗೆ ಬೇಕಾಗಿತ್ತು. ಫೆಬ್ರುವರಿ 29ಕ್ಕ ಆ ಬಿಗಿ ಸಡಿಲು ಮಾಡಿದರು. ನಡುವೆ ವಾರಗಟ್ಟಲೆ ರೋಗ ಯಾರ ಕಣ್ಣಿಗೂ ಬೀಳದಂಗ ಹಬ್ಬಿತು. ಬಾಗಿಲ ಬಿಗಿದರೂ ಮಂದಿ ಸಾಯತಾರ.

"ಹಂಗಾದರ ಬಾಗಿಲ ತೆರೀಲಿ" ಅಂದೆ. ಮಾಸ್ತರರು ನಕ್ಕು ಮುಂದಿನದ್ದು ಓದಿದರು. ಅದೇ ದೇಶ, ಮಾರ್ಚ್ 16ಕ್ಕ ಆಂಟಿಬಾಡಿ ಪಟ್ಟಿಗಳನ್ನು ಮೊದಲೇ ತಪಾಸಣಿ ಮಾಡದೆ ಮಾರಲಿಕ್ಕೆ ಬಿಟ್ಟಿತು. ಬಜಾರ ತುಂಬ ಕಸ ಬಂತು. ಮೇ 4ಕ್ಕ ಮತ್ತೆ ಬಿಗಿ ಮಾಡಬೇಕಾಯಿತು. ನಮ್ಮ ದೇಶದಾಗೂ ಇಂಥಾದ್ದು ಆಗೇತಿ. 2020ರ ಎಪ್ರಿಲದಾಗ ಚೀನಾದಿಂದ ಸುಮಾರು 5 ಲಕ್ಷ ಆಂಟಿಬಾಡಿ ಕಿಟ್ ತರಿಸಿ ರಾಜ್ಯಗಳಿಗೆ ಹಂಚಿದರು. ರಾಜಸ್ಥಾನದವರು ರೋಗ ಖಾತ್ರಿ ಆದವರ ಮ್ಯಾಲೇ ಹಾಕಿ ನೋಡಿದರ ನೂರಕ್ಕ 5.4 ಅಷ್ಟೇ ಸರಿ ಬಂತು ಅಂತ ಹೇಳಿದರು. ಎಪ್ರಿಲ್ 21ಕ್ಕ ಐಸಿಎಂಆರ್ ಎರಡು ದಿನ ನಿಲ್ಲಿಸ್ರಿ ಅಂತು. ತಾವೇ ಹೋಗಿ ನೋಡಿ, ಫಲದಾಗ ಬಹಳ ಏರುಪೇರು ಐತಿ ಅಂತ 27ಕ್ಕ ಆ ಎರಡು ಕಂಪನಿಯ ಕಿಟ್ ಬಳಸಬ್ಯಾಡ್ರಿ, ತಿರುಗಿ ಕಳಿಸ್ರಿ ಅಂದರು. ಕಾಗದದ ಮ್ಯಾಲೆ ಆ ಕಿಟ್ಟಿಗೂ ಮಂಜೂರಿ ಇತ್ತು. ಲ್ಯಾಬಿನ ಟೇಬಲ್ ಮ್ಯಾಲೆ ಸರಿ ಇದ್ದ ಕಾಟಾ ಸಂತಿಯೊಳಗ ತಪ್ಪಬಹುದು. ಅದಕ್ಕೇ ಮುದ್ರಿ ಒತ್ತಿದವರು ಮತ್ತೆ ಮತ್ತೆ ಬಂದು ನೋಡತಿರಬೇಕು. ತಪ್ಪಿದ್ದು ಕಂಡಾಗ ನಾಚಿಕಿ ಬಿಟ್ಟು ಮುದ್ರಿ ವಾಪಸ ತಗೋಬೇಕು. ವಾಪಸ ತಗೊಂಡದ್ದಕ್ಕ ಮಂದಿ ಆಗ ನಕ್ಕರು, ನಾನೂ ನಕ್ಕಿದ್ದೆ. ಈಗ ಅನಿಸತದ, ಅದರಾಗ ನಗುವಂಥದ್ದು ಏನಿರಲಿಲ್ಲ. ಕೊಟ್ಟ ಮಾತು ತಪ್ಪಾಗೇತಿ ಅಂತ ಹತ್ತು ದಿನದಾಗ ಒಪ್ಪಿದರು. ನಾನು ಇಷ್ಟು ವರ್ಷ ಒಪ್ಪಿರಲಿಲ್ಲ.

ಇನ್ನೊಂದು ಪ್ರಶ್ನೆ. ಎರಡು ತಪ್ಪಿನೊಳಗ ಯಾವುದು ದೊಡ್ಡದು? ಇದ್ದವನಿಗೆ ಇಲ್ಲ ಅನ್ನೂದೋ, ಇಲ್ಲದವನಿಗೆ ಐತಿ ಅನ್ನೂದೋ? ಕೊರೋನಾ ಕಂಡವರು ಮೊದಲನೆಯದು ಅಂತಾರ. ಆದರ ಎಚ್‌ಐವಿ ಕಾಲ ಕಂಡವರು ಎರಡನೆಯದನ್ನೂ ಬಲ್ಲರು. ಒಂದು ಚೀಟಿಯ ಮಾತಿನಿಂದ ಗಂಡನ ಮನಿ ಬಿಟ್ಟವರು, ನೀರಿನ ಕೊಡಾ ಬ್ಯಾರೆ ಇಡಿಸಿಕೊಂಡವರು ನಮ್ಮ ಸೀಮಿಯಾಗೂ ಇದ್ದರು.

ಎಚ್‌ಐವಿ ನೋಡುವ ಮೊದಲನೇ ಕಿಟ್ಟಿಗೆ ಅಮೇರಿಕಾ 1985ರ ಮಾರ್ಚ್ 2ಕ್ಕ ಒಪ್ಪಿಗೆ ಕೊಟ್ಟಿತು. ಕೊಟ್ಟದ್ದು ದಾನದ ರಕ್ತ ಶೋಧಿಸಲಿಕ್ಕೆ. ಅದು ಒಬ್ಬನನ್ನೂ ತಪ್ಪಿಸಬಾರದು ಅಂತ ಬಿಗಿ ಮಾಡಿದ್ದರಿಂದ ರೋಗ ಇಲ್ಲದ ಎಷ್ಟೋ ಮಂದಿಗೂ ಐತಿ ಅನ್ನತಿತ್ತು. ಅದಕ್ಕ ಎರಡನೇ ಸಾಕ್ಷಿ ಬೇಕಾಯಿತು, ಅಂಥ ಖಾತ್ರಿ ಪರೀಕ್ಷೆಗೆ 1987ರಲ್ಲಿ ಪರವಾನಗಿ ಸಿಕ್ಕಿತು. ನಮ್ಮ ದೇಶದ ಪದ್ಧತಿ ನೋಡ್ರಿ. ದಾನದ ರಕ್ತದ ಚೀಲ ಒಂದು ಪರೀಕ್ಷೆಯಲ್ಲಿ ಐತಿ ಅಂದರ ಸಾಕು, ಆ ರಕ್ತ ಚೆಲ್ಲತಾರ. ಆದರ ಲಕ್ಷಣ ಇಲ್ಲದ ಒಬ್ಬ ಮನುಷ್ಯನಿಗೆ ನಿನಗ ಈ ರೋಗ ಐತಿ ಅಂತ ಹೇಳಬೇಕಂದರ ಬೇರೆ ಬೇರೆ ಮೂರು ಕಿಟ್ ಮೂರು ಸಲ ಐತಿ ಅನ್ನಬೇಕು. ರಕ್ತದ ಚೀಲಕ್ಕ ಒಂದು ಸಾಕ್ಷಿ, ಮನುಷ್ಯನಿಗೆ ಮೂರು. ರಕ್ತ ಚೆಲ್ಲಿದರ ಇನ್ನೊಬ್ಬರು ಕೊಟ್ಟಾರು. ಮನುಷ್ಯನನ್ನು ಚೆಲ್ಲಿದರ ತುಂಬುವವರು ಇಲ್ಲ. ಈ ನಿಯಮ ಬರೆದವರು ಯಾರೋ, ಅವರಿಗೆ ನಾನು ಕೈ ಮುಗಿಯತೇನಿ.

ಇದರ ಹಿಂದೆ ಒಂದು ಲೆಕ್ಕ ಐತಿ, ಸಾಲಿ ಹುಡುಗರಿಗೂ ತಿಳಿಯತದ. 1000 ಮಂದಿಯ ಊರು ಅನ್ರಿ. ಖರೇ ರೋಗ ಇದ್ದವರು 5 ಮಂದಿ. ಕಿಟ್ ಬಹಳ ಒಳ್ಳೇದು, ಐದೂ ಮಂದಿಯನ್ನು ಹಿಡಿಯಿತು, ರೋಗ ಇಲ್ಲದ 100ರಾಗ ಒಬ್ಬನಿಗೆ ಮಾತ್ರ ತಪ್ಪಾಗಿ ಐತಿ ಅನ್ನತದ. ಊರಿಗೆಲ್ಲ ಹಾಕಿದರ ರೋಗ ಇಲ್ಲದ 995ರಾಗ ಸುಮಾರು 10 ಮಂದಿಗೆ ಐತಿ ಅನ್ನತದ. ಒಟ್ಟು 15 ಮಂದಿಯ ಕೈಯಾಗ ಚೀಟಿ. ಅವರೊಳಗ 10 ಮಂದಿಗೆ ರೋಗವೇ ಇಲ್ಲ! ನೂರಕ್ಕ 99 ಸರಿ ಇರುವ ಕಿಟ್ಟಿನ ಚೀಟಿ ಹಿಡಿದು ಕಲ್ಲು ಎತ್ತಿದರ ಮೂರರಾಗ ಎರಡು ಕಲ್ಲು ತಪ್ಪಿದವರ ಮ್ಯಾಲೆ ಬೀಳತಾವ. ಮೊದಲನೇ ಸಾಣಗಿಯಿಂದ ಹೊರಬಿದ್ದದ್ದನ್ನು ಎರಡನೇ, ಮೂರನೇ ಸಾಣಗಿಗೆ ಹಾಕೂದು ಇದಕ್ಕೇ.

ಇಷ್ಟೆಲ್ಲ ಕೇಳಿದ ಮೇಲೆ ನನಗ ತಿಳಿದದ್ದು ಒಂದೇ ಮಾತು. ಮಂಜೂರಿ ಅಂದರ ಈ ಕಿಟ್ ಸತ್ಯ ಹೇಳತದ ಅನ್ನುವ ಆಣೆ ಅಲ್ಲ. ಈ ಕಿಟ್ ಎಲ್ಲಿ ತನಕ ಸತ್ಯ ಹೇಳತದ, ಎಲ್ಲಿಂದ ಮುಂದ ಹೇಳೂದಿಲ್ಲ ಅಂತ ಹಾಕಿದ ಬಾಂದುಕಲ್ಲು ಅದು. ಹೊಲದ ಬಾಂದುಕಲ್ಲು ಹೆಂಗೋ ಹಂಗ. ಕುಂದು ಇರುವ ಕಿಟ್ಟಿಗೆ ಮಂಜೂರಿ ಕೊಡೂದು ಪಾಪ ಅಲ್ಲ, ಅದರ ಕುಂದನ್ನು ಜೋಡಿಗೇ ಹೇಳಿದ್ದರ. ಯಾಕಂದರ ಲ್ಯಾಬ್ ಇಲ್ಲದ ಊರಿಗೆ, ಅರ್ಧ ತಾಸಿನ್ಯಾಗ ಅರ್ಧ ಮಂದಿಯನ್ನಾದರೂ ಹಿಡಿಯುವ ಪಟ್ಟಿ ದೊಡ್ಡ ಉಪಕಾರನೇ. ಕುಂದು ಮುಚ್ಚಿಟ್ಟು ಮಂಜೂರಿ ಕೊಡೂದು ಪಾಪ. ಮತ್ತು ಹೇಳಿದ ಕುಂದನ್ನು ನಡುವಿನವರು ನುಂಗೂದು ಅದಕ್ಕಿಂತ ಕಡಿಮಿ ಪಾಪ ಅಲ್ಲ.

ಒಬ್ಬರು ನನಗ ಕೇಳಿದರು, "ಬಡವರು, ಓದು ಬಾರದವರು, ಅದೂ ಗಡಿನಾಡಿನವರು. ಕಾಗದ ಇಂಗ್ಲಿಷಿನ್ಯಾಗ, ಹೇಳುವವರು ಮರಾಠಿಯೊಳಗ. ನಮ್ಮ ಮ್ಯಾಲೆ ಯಾಕ ತಪ್ಪು ಹಾಕತಿ?" ಈ ಮಾತಿನ್ಯಾಗ ಅರ್ಧ ಸತ್ಯ ಐತಿ. ಜೀವದ ಮಾತು ಜೀವ ಇರುವವನ ಭಾಷೆಯೊಳಗ ಬರೂದು ನ್ಯಾಯ. ಅದನ್ನು ನಾವು ಕೇಳಬೇಕು, ಕೇಳಿ ಪಡೀಬೇಕು. ಆದರ ಅಲ್ಲಿ ತನಕ, ಎರಡು ಭಾಷೆ ಬಲ್ಲವರ ಮ್ಯಾಲೆ ಒಂದು ಹೊರಿ ಇರತದ. ನಮ್ಮ ಸೀಮಿಯಾಗ ನಾವೆಲ್ಲ ಒಂದಲ್ಲ ಒಂದು ಕಡೆ ದುಭಾಷಿಗಳು. ಕಚೇರಿಯೊಳಗ, ಬ್ಯಾಂಕಿನ್ಯಾಗ, ದವಾಖಾನಿಯೊಳಗ, ತಾಯಿಗೆ ಮಗ, ಅತ್ತಿಗೆ ಸೊಸಿ, ನೆರೆಯವನಿಗೆ ನೆರೆಯವ. ಹಂಗ ನಿಂತಾಗ ನಾವೂ ಒಂದು ತಕ್ಕಡಿನೇ. ಒಂದು ಪರಡಿಯೊಳಗ ಬಿದ್ದ ಮಾತು ಇನ್ನೊಂದು ಪರಡಿಗೆ ಪೂರಾ ಮುಟ್ಟಬೇಕು. ನಮಗ ಯಾವ ಇಲಾಖೆಯೂ ವರ್ಷಕ್ಕೊಮ್ಮೆ ಮುದ್ರಿ ಒತ್ತೂದಿಲ್ಲ. ನಮ್ಮನ್ನು ನಾವೇ ತೂಗಿಕೋಬೇಕು.

ಅದಕ್ಕೇ ಓದುವವರಿಗೆ ಒಂದು ವಿನಂತಿ. ಈಗ ಮನಿಯಾಗೇ ನೋಡಿಕೊಳ್ಳುವ ಕಿಟ್ಟೂ ಬಂದಾವ. 2021ರ ಮೇ ತಿಂಗಳದಾಗ 250 ರೂಪಾಯಿಯ ಅಂಥ ಮೊದಲನೇ ಕಿಟ್ಟಿಗೆ ಒಪ್ಪಿಗೆ ಸಿಕ್ಕಾಗಲೂ ಇದೇ ಮಾತು ಇತ್ತು: ಲಕ್ಷಣ ಇದ್ದು ನೆಗೆಟಿವ್ ಬಂದರ ಆರ್‌ಟಿಪಿಸಿಆರ್ ಮಾಡಿಸ್ರಿ. ಯಾವ ರೋಗದ ಯಾವ ಪರೀಕ್ಷೆಯೇ ಇರಲಿ, ಚೀಟಿ ಕೈಗೆ ಬಂದಾಗ ಎರಡು ಮಾತು ಕೇಳ್ರಿ. ಇದು ಐತಿ ಅಂದರ ಎಷ್ಟು ನಂಬಬೇಕು? ಇಲ್ಲ ಅಂದರ ಎಷ್ಟು ನಂಬಬೇಕು? ಎರಡರ ಉತ್ತರ ಒಂದೇ ಇರೂದಿಲ್ಲ. ಮಾಸ್ತರ ಮಂದಿ ಇದನ್ನು ಸಾಲಿಯೊಳಗ ಹೇಳಿಕೊಡ್ರಿ. ನೂರಕ್ಕ ಎಷ್ಟು ಅನ್ನುವ ಲೆಕ್ಕಕ್ಕ ಇದಕ್ಕಿಂತ ಒಳ್ಳೇ ಉದಾಹರಣಿ ಬ್ಯಾಡ.

ಇದನ್ನು ಬರೆದ ಮೇಲೆ, ಹುಡುಗರ ಕೈಗೆ ಕೊಡುವ ಮೊದಲು, ನನ್ನ ಗೆಳೆಯನ ಮನಿಗೆ ಹೋದೆ. ಆ ವರ್ಷದಿಂದ ಅವ ದಮ್ಮಡಿ ಮುಟ್ಟಿಲ್ಲ. ನನ್ನಿಂದ ಆ ಹಿರಿಯರು ಹೋದರು ಅಂತ ಒಳಗೇ ಕುದಿಯತಾನ, ಬಾಯಿ ಬಿಟ್ಟು ಕಿಟ್ಟನ್ನು ಬಯ್ಯತಾನ. ಅವನ ಕಟ್ಟಿ ಮ್ಯಾಲೆ ಕುಂತು ಇದನ್ನು ಮೊದಲಿನಿಂದ ಓದಿದೆ. ಬೇವಿನ ಗಿಡದ ಮಾತು ಬಂದಾಗ ನನ್ನ ದನಿ ಏಳಲಿಲ್ಲ, ತಡೆದು ತಡೆದು ಓದಿದೆ. ಅವ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಆಕಿ ಹೇಳಿದ್ದು ಪೂರಾ ಹೇಳಿದ್ದರ ನಾ ಬರತಿದ್ದಿಲ್ಲ, ಅಣ್ಣಾ" ಅಂದ. "ಹೌದು, ನೀ ಬರತಿದ್ದಿಲ್ಲ. ಆ ತಪ್ಪು ನಿಂದಲ್ಲ, ನಂದು" ಅಂದೆ.

ತೀರಿಕೊಂಡ ಹಿರಿಯರ ಮನಿಗೂ ಹೋಗಿ ಹೇಳಿ ಬಂದೇನಿ. ಅವರು ಏನಂದರು ಅನ್ನೂದು ಅವರ ಮನಿಯ ಮಾತು, ಇಲ್ಲಿ ಬರೆಯೂದಿಲ್ಲ. ಗೆಳೆಯ ಇನ್ನೂ ಮೇಳಕ್ಕ ಬಂದಿಲ್ಲ. ಅವನ ದಮ್ಮಡಿ ನನ್ನ ಮನಿಯ ಗೂಟಕ್ಕ ಐತಿ. ಯಾವಾಗ ಬೇಕಾದರೂ ಬಂದು ತಗೋಬಹುದು ಅಂತ ಹೇಳಿ ಬಂದೇನಿ.